ಬಾಯ್ಲರ್ ತಣ್ಣಗಾದ ದಿನದ ಹಬ್ಬ

ಈ ಮನುಷ್ಯನ ಬಗ್ಗೆ ಯಾಕೆ ಬರೆಯಬೇಕು ಎಂದರೆ, ವರ್ಷಕ್ಕೆ ಹನ್ನೊಂದು ಹಬ್ಬ ಮಾಡುವವನು ನಮ್ಮ ಊರಲ್ಲಿ ಇವನೊಬ್ಬನೇ. ಆ ಹನ್ನೊಂದರಲ್ಲಿ ಒಂದೂ ಅವನದಲ್ಲ. ಹನ್ನೊಂದು ದಿನವೂ ಅವನು ಕೆಲಸದಲ್ಲೇ ಇರುತ್ತಾನೆ. ಆದರೂ ಹಬ್ಬವನ್ನು ಅವನಷ್ಟು ಹೊಟ್ಟೆ ತುಂಬಾ, ಮನಸ್ಸು ತುಂಬಾ ಮಾಡುವ ಇನ್ನೊಬ್ಬರನ್ನು ನಾನು ನೋಡಿಲ್ಲ. ಇಂಥವನ ಬಗ್ಗೆ ಯಾರಾದರೂ ನಾಲ್ಕು ಮಾತು ಬರೆದಿಡಬೇಕು.

ಅವನಿಗೆ ಹೆಸರು ಬೇರೆ ಇದೆ. ಅದು ಸಂಬಳದ ಚೀಟಿಯಲ್ಲಿ ಮಾತ್ರ ಕಾಣುತ್ತದೆ. ಆಸ್ಪತ್ರೆಯಲ್ಲಿ ಎಲ್ಲರಿಗೂ ಅವನು ಬದಲಿಯಣ್ಣ. ಯಾರಿಗೆ ರಜಾ ಬೇಕಾದರೂ ಅವರ ಬದಲಿಗೆ ನಿಲ್ಲುವವನು ಅವನೇ. ದೊಡ್ಡ ಡಾಕ್ಟರೂ ಹಾಗೇ ಕರೆಯುತ್ತಾರೆ. ಒಮ್ಮೆ ಅಂಚೆಯವನು ನಿಜವಾದ ಹೆಸರು ಹಿಡಿದುಕೊಂಡು ಬಂದಿದ್ದ. "ಆ ಹೆಸರಿನೋರು ಇಲ್ಲಿ ಯಾರೂ ಇಲ್ಲಪ್ಪ" ಎಂದು ಬದಲಿಯಣ್ಣನೇ ವಾಪಸ್ ಕಳಿಸಿದ. ಆಮೇಲೆ ನೆನಪಾಗಿ ಗೇಟಿನವರೆಗೂ ಓಡಿದ.

ಆಸ್ಪತ್ರೆಯ ಹಿಂದೆ, ಎತ್ತರದ ಹೊಗೆ ಕೊಳವೆಯ ಬುಡದಲ್ಲಿ ಬಾಯ್ಲರ್ ಮನೆ. ಅಲ್ಲಿ ಸೌದೆ ಉರಿಸಿ ಹಬೆ ಮಾಡುತ್ತಾರೆ. ಆ ಹಬೆ ಒಂದು ಪೈಪಿನಲ್ಲಿ ಅಡುಗೆಮನೆಗೆ ಹೋಗುತ್ತದೆ, ಇನ್ನೊಂದರಲ್ಲಿ ಲಾಂಡ್ರಿಗೆ, ಮತ್ತೊಂದರಲ್ಲಿ ಆಪರೇಷನ್ನಿನ ಕತ್ತರಿ ಚಾಕು ಬೇಯಿಸುವ ಕೋಣೆಗೆ. ಹಬೆ ನಿಂತರೆ ಆಸ್ಪತ್ರೆಯೇ ನಿಂತ ಹಾಗೆ.

ಬೆಳಗಿನ ಪಾಳಿಗೆ ನಾಲ್ಕು ಜನ. ಮೊದಲನೆಯವನು ಮೇಸ್ತ್ರಿ, ಬಾಯ್ಲರಿನ ಯಜಮಾನ. ಅವನ ಮೀಸೆಯ ಒಂದು ತುದಿ ಯಾವತ್ತೋ ಬೆಂಕಿಗೆ ಸುಟ್ಟು ಇನ್ನೊಂದಕ್ಕಿಂತ ಗಿಡ್ಡ. ಎರಡನೆಯವನು ಫಿಟ್ಟರ್. ಊರಿನ ಎಲ್ಲ ಪೈಪಿನ ಸೋರಿಕೆ ನಿಲ್ಲಿಸುತ್ತಾನೆ, ತನ್ನ ಬಾಯಿಯದೊಂದು ಬಿಟ್ಟು. ಮೂರನೆಯವಳು ಲಾಂಡ್ರಿ ಅಕ್ಕ. ಪಕ್ಕದ ಬಾಗಿಲಾಚೆ ದಿನಕ್ಕೆ ನಾನೂರು ಬೆಡ್‌ಶೀಟು ಒಗೆಸಿ ಮಡಚಿಸುತ್ತಾಳೆ. ಮಿಷನ್ನಿನ ಸದ್ದಿಗಿಂತ ಅವಳ ದನಿ ಒಂದು ಮೆಟ್ಟಿಲು ಮೇಲೆ. ನಾಲ್ಕನೆಯವನು ನಮ್ಮ ಬದಲಿಯಣ್ಣ. ಬೆಂಕಿಗೆ ಸೌದೆ ಹಾಕುವುದು, ಬೂದಿ ಎಳೆಯುವುದು, ಗಂಟೆಗೊಮ್ಮೆ ಹಬೆಯ ಒತ್ತಡ ತೋರಿಸುವ ಮುಳ್ಳು ನೋಡಿ ಪುಸ್ತಕದಲ್ಲಿ ಗುರುತು ಹಾಕುವುದು ಅವನ ಕೆಲಸ.

ಉಳಿದ ಮೂವರದೂ ಮೂರು ಧರ್ಮ. ಮೇಸ್ತ್ರಿಯ ಮನೆಯಲ್ಲಿ ವರ್ಷಕ್ಕೆ ಐದು ಹಬ್ಬ, ಲಾಂಡ್ರಿ ಅಕ್ಕನ ಮನೆಯಲ್ಲಿ ನಾಲ್ಕು, ಫಿಟ್ಟರ್ ಮನೆಯಲ್ಲಿ ಎರಡು. ಬದಲಿಯಣ್ಣ ಬೆಳೆದದ್ದು ಅನಾಥ ಮಕ್ಕಳ ಮನೆಯಲ್ಲಿ. ಶಾಲೆಗೆ ಸೇರಿಸುವಾಗ ಧರ್ಮ ಎನ್ನುವ ಕಡೆ ಏನು ಬರೆಯಬೇಕೆಂದು ತೋಚದೆ ಅಲ್ಲಿನ ಆಯಾ ಒಂದು ಅಡ್ಡಗೆರೆ ಎಳೆದಳು. ಆ ಗೆರೆ ಶಾಲೆಯಿಂದ ಆಸ್ಪತ್ರೆಯವರೆಗೂ ಅವನ ಹಿಂದೆಯೇ ಬಂತು. ಅವನು ಅದಕ್ಕೆ ತಲೆ ಕೆಡಿಸಿಕೊಂಡವನಲ್ಲ. ಗೆರೆ ಇದ್ದದ್ದರಿಂದ ಯಾರ ಮನೆಯ ಬಾಗಿಲೂ ಅವನಿಗೆ ಮುಚ್ಚಲಿಲ್ಲ ಎನ್ನುವುದೇ ಅವನ ಎಣಿಕೆ.

ಹಬ್ಬದ ದಿನ ಹೀಗೆ ನಡೆಯುತ್ತಿತ್ತು. ಮೇಸ್ತ್ರಿಯ ಹಬ್ಬವಾದರೆ ಮೇಸ್ತ್ರಿ ಮನೆಯಲ್ಲಿ, ಅವನ ಜಾಗದಲ್ಲಿ ಬದಲಿಯಣ್ಣ. ಫಿಟ್ಟರ್ ಹಬ್ಬವಾದರೆ ಸ್ಪ್ಯಾನರ್ ಇವನ ಕೈಯಲ್ಲಿ. ಅಕ್ಕನ ಹಬ್ಬವಾದರೆ ಒಂದು ಕಣ್ಣು ಬೆಂಕಿಯ ಮೇಲೆ, ಇನ್ನೊಂದು ಬೆಡ್‌ಶೀಟಿನ ಮೇಲೆ. ಮೂವತ್ತು ವರ್ಷದಲ್ಲಿ ಮೂವರ ಕೆಲಸವೂ ಕಲಿತಿದ್ದ.

ಅವರಲ್ಲಿ ಇನ್ನೊಂದು ಪದ್ಧತಿ ಇತ್ತು. ಬಾಯ್ಲರ್ ಮನೆಯ ಗೋಡೆಗೆ ನಾಲ್ಕು ಮೊಳೆ, ನಾಲ್ಕು ಮೊಳೆಗೆ ಹಿಡಿ ಇರುವ ನಾಲ್ಕು ಸ್ಟೀಲ್ ಲೋಟ. ಹತ್ತು ಗಂಟೆಗೆ ಕ್ಯಾಂಟೀನಿನಿಂದ ಟೀ ಬಂದಾಗ, ರಜಾದಲ್ಲಿ ಇರುವವರ ಲೋಟಕ್ಕೂ ಹಾಕಬೇಕು. ಅದನ್ನು ಬದಲಿಗೆ ನಿಂತವನು ಕುಡಿಯಬೇಕು. ಬದಲಿಯಣ್ಣ ಲೋಟ ಮೇಲೆತ್ತಿ, "ಇದು ಮೇಸ್ತ್ರಿ ಪಾಲಿಂದು" ಎನ್ನುತ್ತಾನೆ. ಒಂದೇ ಗುಟುಕಿಗೆ ಇಳಿಸುತ್ತಾನೆ. ಆಮೇಲೆ ತನ್ನ ಲೋಟ ನಿಧಾನಕ್ಕೆ ಕುಡಿಯುತ್ತಾನೆ. ಈ ಪದ್ಧತಿ ಶುರು ಮಾಡಿದ್ದು ಯಾರು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಎರಡು ಟೀ ಸಿಗುತ್ತಿದ್ದದ್ದು ಯಾರಿಗೆ ಎಂದು ನೋಡಿದರೆ ಗೊತ್ತಾಗುತ್ತದೆ.

ಪಾಳಿ ಮುಗಿದ ಮೇಲೆ ನಿಜವಾದ ಹಬ್ಬ. ಮೂರು ಮನೆಯವರೂ ಅವನಿಗೆ ಒಂದೊಂದು ಅಂಗಿ ಕೊಟ್ಟಿದ್ದರು. ಯಾರ ಹಬ್ಬವೋ ಅವರು ಕೊಟ್ಟ ಅಂಗಿ ತೊಟ್ಟು ಹೋಗುತ್ತಾನೆ. ಅಂಗಿ ಶುಭ್ರ, ಮುಖದ ಮೇಲೆ ಮಾತ್ರ ಅರ್ಧ ಮಸಿ, ಯಾಕೆಂದರೆ ಹಸಿದವನಿಗೆ ಮುಖ ಉಜ್ಜುವಷ್ಟು ತಾಳ್ಮೆ ಇರುವುದಿಲ್ಲ. ಮೇಸ್ತ್ರಿ ಮನೆಯಲ್ಲಿ ಮಕ್ಕಳಿಗಿಂತ ಮುಂಚೆ ಪಂಕ್ತಿಯಲ್ಲಿ ಕೂರುತ್ತಾನೆ. ಅಕ್ಕನ ಮನೆಯಲ್ಲಿ ಎಲ್ಲರ ಜೊತೆ ಹಾಡುತ್ತಾನೆ. ರಾಗ ಬರುವುದಿಲ್ಲ, ಜೋರು ಬರುತ್ತದೆ. ಫಿಟ್ಟರ್ ಹಬ್ಬ ಚಂದ್ರ ಕಂಡ ಮೇಲೆ. ಹಿಂದಿನ ಸಂಜೆ ಬದಲಿಯಣ್ಣ ಹೊಗೆ ಕೊಳವೆಯ ಕಬ್ಬಿಣದ ಏಣಿ ಹತ್ತಿ ಹುಡುಕುತ್ತಾನೆ. ಮೋಡದ ಸಂದಿಯಲ್ಲಿ ಕಂಡರೆ ಅಲ್ಲಿಂದಲೇ ಕೂಗುತ್ತಾನೆ. ಹಬ್ಬ ಎಂದು ಸಾರುವ ದೊಡ್ಡವರು ಬೇರೆ ಇದ್ದಾರೆ, ಅವರು ಸಾರಿದ ಮೇಲೇ ಹಬ್ಬ. ಆದರೆ ಫಿಟ್ಟರ್ ತಾಯಿ ಒಲೆ ಹಚ್ಚುವುದು ಈ ಕೂಗಿಗೇ. ಆ ತಾಯಿ ಉಪವಾಸ ಹಿಡಿಯುವ ತಿಂಗಳಲ್ಲಿ ಮಗನೂ ಹಿಡಿಯುತ್ತಾನೆ. ಆ ತಿಂಗಳು ಪೂರ್ತಿ ಬದಲಿಯಣ್ಣ ತನ್ನ ಡಬ್ಬಿಯ ಊಟವನ್ನು ಸೌದೆ ರಾಶಿಯ ಹಿಂದೆ, ಕಳ್ಳನ ಹಾಗೆ, ಸದ್ದಿಲ್ಲದೆ ತಿನ್ನುತ್ತಾನೆ.

ಸರ್ಕಾರಿ ರಜಾ ದಿನಗಳನ್ನೂ ಬಿಡುತ್ತಿರಲಿಲ್ಲ. ಬಾವುಟ ಏರಿಸುವ ದಿನ ತಲೆಗೊಂದು ಸಿಹಿ ಹಂಚುತ್ತಾರೆ. ಬಾಯ್ಲರ್ ಮನೆಯ ನಾಲ್ಕು ತಲೆಗೂ ಇವನೇ ಕೈ ಒಡ್ಡಿ ತರುತ್ತಿದ್ದ. ದಾರಿಯಲ್ಲಿ ಒಂದು ತಲೆ ಕಡಿಮೆಯಾಗುತ್ತಿತ್ತು.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಆಫೀಸಿಗೆ ಹೊಸ ಮೇಡಂ ಬಂದರು.

ಮೇಡಂ ಕೆಟ್ಟವರಲ್ಲ. ಒಂದು ಹಬ್ಬದ ದಿನ ಹಾಜರಿ ಪುಸ್ತಕ ತೆಗೆದು ನೋಡಿದರು. ಪುಸ್ತಕದಲ್ಲಿ ಮೇಸ್ತ್ರಿ ಇದ್ದಾನೆ, ಬಾಯ್ಲರ್ ಮುಂದೆ ಬದಲಿಯಣ್ಣ ಇದ್ದಾನೆ. ನಾಲ್ವರನ್ನೂ ಕರೆಸಿದರು.

"ನಾಳೆ ಏನಾದ್ರೂ ಸಿಡಿದರೆ ನಾನು ಯಾರ ಮನೆಗೆ ಹೇಳಿ ಕಳಿಸಲಿ? ಪುಸ್ತಕದಲ್ಲಿ ಇರೋರ ಮನೆಗಾ, ಬೆಂಕಿ ಮುಂದೆ ಇದ್ದೋರ ಮನೆಗಾ?"

ಫಿಟ್ಟರ್, "ಮೇಡಂ, ಬದಲಿಯಣ್ಣನಿಗೆ ಮನೆಯೋರು ಯಾರೂ ಇಲ್ಲ, ನಿಮಗೆ ಆ ತಾಪತ್ರಯ ಇಲ್ಲ" ಎಂದ. ಅಕ್ಕ ಅವನ ಕಾಲು ತುಳಿದಳು.

ಇನ್ನು ಮುಂದೆ ಬದಲಿ ಡ್ಯೂಟಿ ಬಂದ್ ಎಂದರು ಮೇಡಂ. ಪ್ರತಿಯೊಬ್ಬರಿಗೂ ಒಂದು ಫಾರಂ ಕೊಟ್ಟರು. ಅದರಲ್ಲಿ ಹನ್ನೊಂದು ಹಬ್ಬ, ಪಕ್ಕದಲ್ಲಿ ಹನ್ನೊಂದು ಚೌಕ. ನಿಮಗೆ ಬೇಕಾದ ಎರಡಕ್ಕೆ ಗುರುತು ಹಾಕಿ, ಆ ಎರಡು ದಿನ ರಜಾ, ಉಳಿದ ದಿನ ಅವರವರ ಕೆಲಸ ಅವರವರೇ ಮಾಡಬೇಕು. ಅಷ್ಟೇ ವಿಷಯ.

ಮೇಸ್ತ್ರಿ, ಫಿಟ್ಟರ್, ಅಕ್ಕ ಅಲ್ಲೇ ನಿಂತು ತಮ್ಮ ತಮ್ಮ ಎರಡಕ್ಕೆ ಗುರುತು ಹಾಕಿ ಕೊಟ್ಟರು. ಬದಲಿಯಣ್ಣ ಫಾರಂ ಮನೆಗೆ ತೆಗೆದುಕೊಂಡು ಹೋದ. ಮಾರನೆಯ ದಿನ ಕೊಟ್ಟ. ಅರ್ಧ ಗಂಟೆಯಲ್ಲಿ ಮೇಡಂ ಕರೆಸಿದರು.

"ಇದೇನ್ರೀ ಇದು? ಹನ್ನೊಂದಕ್ಕೂ ಟಿಕ್ ಹಾಕಿದ್ದೀರಿ!"

"ಹೌದು ಮೇಡಂ. ಒಂದೂ ಬಿಟ್ಟಿಲ್ಲ." ಅವನ ದನಿಯಲ್ಲಿ ಹೆಮ್ಮೆಯಿತ್ತು.

"ಎರಡು ಅಂತ ಮೇಲೆ ಬರೆದಿದೆಯಲ್ಲ?"

"ಓದಿದೆ ಮೇಡಂ. ಆದ್ರೆ ಚೌಕ ಖಾಲಿ ಬಿಡೋಕೆ ಕೈ ಬರಲಿಲ್ಲ."

ಅವನು ಹೇಳಿದ್ದು ನಿಜ. ಬಾಯ್ಲರ್ ಪುಸ್ತಕದಲ್ಲಿ ಗಂಟೆಗೆ ಆರು ಚೌಕ. ನೀರು, ಮುಳ್ಳು, ಬೆಂಕಿ, ಪಂಪು, ಬೂದಿ, ಎಚ್ಚರಿಕೆ ಗಂಟೆ. ನೋಡಿ ನೋಡಿ ಗುರುತು ಹಾಕಬೇಕು. ಒಂದು ಚೌಕ ಖಾಲಿ ಇದ್ದರೆ ಅದನ್ನು ನೋಡಲಿಲ್ಲ ಎಂದು ಅರ್ಥ. ನೋಡದಿದ್ದರೆ ಬಾಯ್ಲರ್ ಸಿಡಿಯುತ್ತದೆ. ಮೂವತ್ತು ವರ್ಷ ಹೀಗೆ ಗುರುತು ಹಾಕಿದ ಕೈ ಅದು. ಖಾಲಿ ಚೌಕ ಕಂಡರೆ ಅದು ತಾನಾಗಿ ಪೆನ್ನು ಹುಡುಕುತ್ತದೆ.

"ಹೋಗ್ಲಿ, ನಿಮ್ಮ ಹಬ್ಬ ಯಾವುದು ಹೇಳಿ. ನಾನೇ ಹಾಕ್ಕೊಳ್ತೀನಿ."

"ಇವೇ ಮೇಡಂ."

"ಇವೆಲ್ಲಾನಾ?"

"ಎಲ್ಲಾ ಮಾಡ್ತೀನಿ."

"ಮಾಡೋದಲ್ಲ ರೀ. ಇದರಲ್ಲಿ ನಿಮ್ಮದು ಯಾವುದು?"

ಬದಲಿಯಣ್ಣ ತಲೆ ಕೆರೆದುಕೊಂಡ. ಆಮೇಲೆ, "ಊಟ ಮೇಸ್ತ್ರಿ ಮನೇದು ಚೆನ್ನಾಗಿರುತ್ತೆ. ಸಿಹಿ ಫಿಟ್ಟರ್ ಮನೇದು. ಹಾಡೋಕೆ ಅಕ್ಕನ ಮನೆ" ಎಂದ.

ಮೇಡಂ ಹೊಸ ಫಾರಂ ಕೊಟ್ಟು, ತಿಂಗಳ ಕೊನೆಯೊಳಗೆ ತರಲು ಹೇಳಿ ಕಳಿಸಿದರು.

ಸುದ್ದಿ ಬಾಯ್ಲರ್ ಮನೆಗೆ ಅವನಿಗಿಂತ ಮುಂಚೆ ತಲುಪಿತ್ತು. ಈಗ ಲೆಕ್ಕ ಸುಲಭ. ಗುರುತು ಎರಡು, ಮನೆ ಮೂರು. ಒಂದು ಮನೆ ಹೊರಗೆ ಉಳಿಯಲೇಬೇಕು.

ಮೊದಲು ಮೇಸ್ತ್ರಿ ಅವನನ್ನು ಸೌದೆ ರಾಶಿಯ ಹಿಂದೆ ಕರೆದುಕೊಂಡು ಹೋದ.

"ನೋಡಪ್ಪ, ಹೀಗೇ ಮಾಡು ಅಂತ ನಾನು ಹೇಳಲ್ಲ. ಅದು ನಿನ್ನಿಷ್ಟ. ಆದ್ರೆ ಐದು ಹಬ್ಬ ಇರೋ ಮನೆ ನಮ್ಮದು. ಐದರಲ್ಲಿ ಒಂದಕ್ಕೂ ನೀನು ಟಿಕ್ ಹಾಕಲಿಲ್ಲ ಅಂದ್ರೆ ನನ್ನ ಮೀಸೆಗೆ ಏನು ಮರ್ಯಾದೆ?"

"ಮೀಸೆ ಆಗಲೇ ಅರ್ಧ ಸುಟ್ಟಿದೆಯಲ್ಲ ಮೇಸ್ತ್ರಿ."

"ತಮಾಷೆ ಬೇಡ. ನಿಮ್ಮ ಅತ್ತಿಗೆ ಮನೇಲಿ ಕೇಳ್ತಾಳೆ. ಏನು ಹೇಳಲಿ ಅವಳಿಗೆ?"

ಮಧ್ಯಾಹ್ನ ಫಿಟ್ಟರ್ ಬಂದ. ಪೈಪಿನ ಕೆಳಗೆ ಅಂಗಾತ ಮಲಗಿಕೊಂಡೇ ಮಾತು ತೆಗೆದ.

"ಅಣ್ಣಾ, ಅವರದು ಐದು, ಅಕ್ಕಂದು ನಾಲ್ಕು. ನಮ್ಮದು ಎರಡೇ ಎರಡು. ಬಡಪಾಯಿಗಳು ನಾವು. ನಮ್ಮಮ್ಮ ನಿನ್ನೆಯಿಂದ ಒಂದೇ ಸಮ ಶುರು ಮಾಡಿದ್ದಾಳೆ. ಒಂದ್ ಸಲನಾದ್ರೂ ಅವನು ಬೆಳಿಗ್ಗೆಯಿಂದ ನಮ್ಮನೇಲಿ ಇರ್ಲಿ, ಯಾವಾಗ್ಲೂ ಸಂಜೆ ಮಸಿ ಮೆತ್ಕೊಂಡು ಬರ್ತಾನೆ, ಮೂವತ್ತು ವರ್ಷ ಆಯ್ತು, ಅವನ ಮುಖ ಹೇಗಿದೆ ಅಂತ್ಲೇ ನಂಗೆ ಗೊತ್ತಿಲ್ಲ ಅಂತಾಳೆ."

"ನೋಡೋಣ ಕಣೋ."

"ನೋಡೋಣ ಅಂದ್ರೆ ಆಯ್ತು ಅಂತ ತಾನೆ?"

"ನೋಡೋಣ ಅಂದ್ರೆ ನೋಡೋಣ."

ಲಾಂಡ್ರಿ ಅಕ್ಕ ಏನೂ ಕೇಳಲಿಲ್ಲ. ಅದೇ ಭಯದ ವಿಷಯ. ಬೆಡ್‌ಶೀಟನ್ನು ಎಂದಿಗಿಂತ ಜೋರಾಗಿ ಕೊಡವಿದಳು.

"ನಂಗೇನೂ ಬೇಡಪ್ಪ. ನಾನ್ಯಾರು ಕೇಳೋಕೆ? ಅಕ್ಕ ಅಂತ ಕರೆದಿದ್ದು ನೀನು. ನಾನಾಗಿ ಬಂದು ಕರೆಸಿಕೊಂಡ್ನಾ?"

ಮೂವತ್ತು ವರ್ಷ ಅವನು ಆ ಮೂರು ಮನೆಯಲ್ಲಿ ತಟ್ಟೆ ಮುಂದೆ ಕೂತಾಗ ನೀನು ಯಾರವನು ಎಂದು ಯಾರೂ ಕೇಳಿರಲಿಲ್ಲ. ಈಗ ಒಂದು ಕಾಗದ ಕೇಳುತ್ತಿತ್ತು. ಫಾರಂ ಮಡಚಿ ಜೇಬಲ್ಲಿಟ್ಟುಕೊಂಡು ಓಡಾಡಿದ. ದಿನಕ್ಕೆ ಹತ್ತು ಸಲ ತೆಗೆದು ನೋಡಿ ಮತ್ತೆ ಒಳಗೆ ಇಡುತ್ತಿದ್ದ. ಕಾಗದ ಬೆವರಿಗೆ ನೆನೆದು ಮಡಿಕೆಯಲ್ಲಿ ಹರಿದುಹೋಯಿತು.

ಇಷ್ಟರಲ್ಲಿ ಫಿಟ್ಟರ್ ಬಾಯಿ ಸೋರಿತು. "ಅಣ್ಣ ನಮ್ಮದಕ್ಕೂ ಮೇಸ್ತ್ರೀದಕ್ಕೂ ಹಾಕ್ತಾನಂತೆ" ಎಂದು ಕ್ಯಾಂಟೀನಿನಲ್ಲಿ ಹೇಳಿದ. ಹಾಗೆ ಹೇಳಿದರೆ ಹಾಗೇ ಆಗಬಹುದು ಎನ್ನುವ ಆಸೆ ಅವನಿಗೆ. ಮಾತು ಅಕ್ಕನ ಕಿವಿಗೆ ಬಿತ್ತು. ಅಕ್ಕ ಮೇಸ್ತ್ರಿಗೆ ನಾಲ್ಕು ಮಾತು ಅಂದಳು, ಮೇಸ್ತ್ರಿ ಫಿಟ್ಟರ್‌ಗೆ ಎಂಟು ಅಂದ. ನಾಲ್ವರೂ ಒಂದೇ ಬೆಂಚಿನಲ್ಲಿ ಕೂತು ಉಣ್ಣುತ್ತಿದ್ದವರು. ಅವತ್ತಿನಿಂದ ಮೇಸ್ತ್ರಿ ಬಾಗಿಲ ಹತ್ತಿರ, ಫಿಟ್ಟರ್ ಪಂಪಿನ ಹತ್ತಿರ, ಅಕ್ಕ ಲಾಂಡ್ರಿಯಲ್ಲಿ. ಬೆಂಚಿನ ಮೇಲೆ ಬದಲಿಯಣ್ಣನೊಬ್ಬನೇ. ಮೂರು ಡಬ್ಬಿಯಿಂದ ಒಂದೊಂದು ತುತ್ತು ಬರುತ್ತಿದ್ದದ್ದು ನಿಂತುಹೋಯಿತು.

ಆ ವಾರವೇ ಅಕ್ಕನ ದೊಡ್ಡ ಹಬ್ಬ. ಫಾರಂನಲ್ಲಿ ಅದಕ್ಕೆ ಅವಳೇ ಗುರುತು ಹಾಕಿದ್ದಳು, ರಜಾ ಮಂಜೂರಾಗಿತ್ತು. ಬದಲಿಯಣ್ಣ ಅವಳು ಕೊಟ್ಟ ನೀಲಿ ಅಂಗಿ ಚೀಲದಲ್ಲಿ ಇಟ್ಟುಕೊಂಡು ಕೆಲಸಕ್ಕೆ ಬಂದ. ಸಂಜೆ ಹೋಗಬೇಕಲ್ಲ. ಲಾಂಡ್ರಿ ಬಾಗಿಲು ತೆಗೆದು ನೋಡಿದರೆ ಅಕ್ಕ ಒಳಗೆ ನಿಂತು ಬೆಡ್‌ಶೀಟು ಮಡಚುತ್ತಿದ್ದಾಳೆ.

ಅವನು ಚೀಲವನ್ನು ಬೆನ್ನ ಹಿಂದೆ ಸರಿಸಿದ.

"ಅಕ್ಕಾ, ಇವತ್ತು ಹಬ್ಬ ಅಲ್ವಾ?"

"ಯಾರಿಗೆ?"

"ನಿಮ್ಮ ಮನೇಲಿ..."

"ಮನೇಲಿ ಯಾರಿದ್ದಾರೆ? ನಾನು, ನನ್ನ ಗಂಡ. ಮಕ್ಕಳು ಅವರವರ ಊರಲ್ಲಿ. ನೀನು ಬಂದು ಕಿರುಚಿದ್ರೆ ಅದೊಂದು ಹಬ್ಬ. ಈಗ ನಿಂಗೆ ನಮ್ಮ ಹಬ್ಬ ಬೇಡ ಅಂದ ಮೇಲೆ ನಂಗ್ಯಾಕೆ? ಹೋಗು, ಅಲ್ಲಿ ಬೆಂಕಿ ಆರ್ತಾ ಇದೆ."

ಹತ್ತು ಗಂಟೆಗೆ ಟೀ ಬಂತು. ಅವತ್ತು ಎಲ್ಲರೂ ಇದ್ದರು. ಯಾರ ಪಾಲಿನದೂ ಯಾರೂ ಕುಡಿಯಬೇಕಾಗಿರಲಿಲ್ಲ. ಬದಲಿಯಣ್ಣ ತನ್ನ ಪಾಲಿನದನ್ನೂ ಬೂದಿಗೆ ಸುರಿದ. ಸಂಜೆ ನೀಲಿ ಅಂಗಿಯನ್ನು ಮಡಿಕೆ ಬಿಚ್ಚದೆ ವಾಪಸ್ ತೆಗೆದುಕೊಂಡು ಹೋದ. ಬಾಯ್ಲರ್ ಮನೆಯ ಹಿಂದೆ ಅವನಿಗೆ ಒಂದು ಕೋಣೆ ಇದೆ. ಒಂದು ಮಂಚ, ಒಂದು ತಟ್ಟೆ, ಗಡ್ಡ ಕೆರೆಯಲು ನೀರು ಕಾಯಿಸುವ ಒಂದು ಪಾತ್ರೆ. ಆ ಕೋಣೆಗೆ ಈವರೆಗೆ ನೆಂಟರು ಬಂದದ್ದಿಲ್ಲ. ಯಾವಾಗಲೂ ನೆಂಟನಾಗಿ ಹೋಗುತ್ತಿದ್ದವನು ಅವನೇ.

ಎರಡು ದಿನ ಬಿಟ್ಟು ಮೇಸ್ತ್ರಿ ಗೋಡೆಗೆ ಒಂದು ಕಾಗದ ಅಂಟಿಸಿದ. ಪ್ರತಿ ವರ್ಷದ ಕಾಗದ ಅದು. ಬಾಯ್ಲರ್ ತಪಾಸಣೆಗೆ ಇನ್‌ಸ್ಪೆಕ್ಟರ್ ಹದಿನೈದನೇ ತಾರೀಖು ಬರುತ್ತಾರೆ. ಹದಿಮೂರರ ಸಂಜೆ ಬೆಂಕಿ ತೆಗೆಯಬೇಕು. ಹದಿನಾಲ್ಕು ಪೂರ್ತಿ ಅದು ತಾನಾಗಿ ತಣ್ಣಗಾಗಬೇಕು. ಆತುರಪಟ್ಟು ನೀರು ಸುರಿದರೆ ಕಬ್ಬಿಣ ಬಿರಿಯುತ್ತದೆ. ಹದಿನಾಲ್ಕರಂದು ಬೆಡ್‌ಶೀಟು ಹೊರಗಿನ ಲಾಂಡ್ರಿಗೆ, ಬಿಸಿನೀರಿಗೂ ಕತ್ತರಿ ಚಾಕುವಿಗೂ ಕರೆಂಟಿನ ಒಲೆ. ಬಾಯ್ಲರ್ ಮನೆಯವರಿಗೆ ಅವತ್ತು ಹಾಜರಿ ಹಾಕಿ ಸುಮ್ಮನೆ ಕೂರುವುದೇ ಡ್ಯೂಟಿ.

ಬದಲಿಯಣ್ಣ ಆ ಕಾಗದವನ್ನು ಓದಿದ. ಇನ್ನೊಮ್ಮೆ ಓದಿದ. ಬೂದಿ ಎಳೆಯುವ ಕೋಲು ಗೋಡೆಗೆ ಒರಗಿಸಿ ಸೀದಾ ಆಫೀಸಿಗೆ ನಡೆದ.

ಅವನ ಫಾರಂ ನೋಡಿ ಮೇಡಂ ಕನ್ನಡಕ ಸರಿ ಮಾಡಿಕೊಂಡರು. ಹನ್ನೊಂದು ಚೌಕವೂ ಖಾಲಿ. ಕೆಳಗೆ, ಇತರೆ ಇದ್ದಲ್ಲಿ ಬರೆಯಿರಿ ಎನ್ನುವ ಕಡೆ, ದಪ್ಪ ಅಕ್ಷರದಲ್ಲಿ ಒಂದು ತಾರೀಖು.

"ಹದಿನಾಲ್ಕಾ? ಅವತ್ತು ಯಾರ ಹಬ್ಬಾನೂ ಇಲ್ಲವಲ್ಲ!"

"ಅದಕ್ಕೇ ಮೇಡಂ."

"ಅಂದ್ರೆ?"

"ವರ್ಷದಲ್ಲಿ ಅದೊಂದೇ ದಿನ ಬೆಂಕಿ ಇರಲ್ಲ. ಯಾರಾದ್ರೂ ಒಬ್ಬರು ಕಾಯ್ತಾ ಕೂರಬೇಕು ಅಂತಿಲ್ಲ. ಮೂವರೂ ಒಟ್ಟಿಗೆ ಬರಬಹುದು. ನಂದೊಂದು ಹಬ್ಬ ಅಂತ ಬರ್ಕೊಳ್ಳಿ."

ಮೇಡಂ ಪೆನ್ನಿನ ಮುಚ್ಚಳ ತೆಗೆದರು.

"ಎರಡನೇದು?"

"ಬೇಡ ಮೇಡಂ. ಮೊದಲು ಒಂದು ಮಾಡಿ ನೋಡ್ತೀನಿ. ಅಭ್ಯಾಸ ಇಲ್ಲ."

ಮೇಡಂ ಸಹಿ ಹಾಕಿದರು.

ಹಬ್ಬವೇನೋ ಸಿಕ್ಕಿತು. ಅಡುಗೆ? ಮೂವತ್ತು ವರ್ಷ ಉಂಡವನಿಗೆ ಒಂದು ದಿನ ಬಡಿಸುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಮೇಸ್ತ್ರಿ ಮಾಂಸ ಮುಟ್ಟುವುದಿಲ್ಲ, ಆ ವಾರ ಈರುಳ್ಳಿಯೂ ಇಲ್ಲ. ಫಿಟ್ಟರ್ ಬೇರೆಯವರ ಪಾತ್ರೆಯಲ್ಲಿ ಬೇಯಿಸಿದ್ದನ್ನು ಕೇಳಿ ತಿಳಿದು ತಿನ್ನುವವನು. ಅಕ್ಕ ಹಬ್ಬ ಮುರಿದ ಸಿಟ್ಟಿಗೆ ಸಿಹಿ ಬಿಟ್ಟಿದ್ದಾಳೆ. ಇವನ ಪಾತ್ರೆಯೋ, ಗಡ್ಡದ್ದು. ಒಂದೊಂದೇ ತೆಗೆದು ಹಾಕುತ್ತಾ ಹೋದರೆ ಕೊನೆಗೆ ಉಳಿದದ್ದು ಆಲೂಗಡ್ಡೆ. ಅದೂ ಬೂದಿಯಲ್ಲಿ ಸುಟ್ಟದ್ದು. ಪಾತ್ರೆಯೇ ಬೇಡ. ಅದೊಂದು ಅಡುಗೆ ಅವನಿಗೆ ಬರುತ್ತಿತ್ತು.

ಮೂವರ ಹತ್ತಿರವೂ ಹೋಗಿ ಕರೆದ. "ಹದಿನಾಲ್ಕಕ್ಕೆ ನಮ್ಮನೇಲಿ ಹಬ್ಬ. ಬರಬೇಕು."

"ನಿಮ್ಮನೇಲಿ?" ಎಂದ ಮೇಸ್ತ್ರಿ. "ಯಾವ ಹಬ್ಬನಯ್ಯ ಅದು?"

"ಬಂದ್ರೆ ಗೊತ್ತಾಗುತ್ತೆ." ಅವನಿಗೂ ಅಷ್ಟೇ ಗೊತ್ತಿದ್ದದ್ದು.

ಫಿಟ್ಟರ್, "ಅವರಿಬ್ಬರು ಬಂದ್ರೆ ನಾನು ಬರಲ್ಲ" ಎಂದ. ಅಕ್ಕ ಮಿಷನ್ ಸದ್ದಿನಲ್ಲಿ ಕೇಳಿಸದವಳಂತೆ ನಟಿಸಿದಳು. ಆದರೆ ಹನ್ನೆರಡನೇ ತಾರೀಖು ಅವನು ಆಸ್ಪತ್ರೆ ಬಟ್ಟೆಯ ರಾಶಿಯೊಳಗೆ ಗುಟ್ಟಾಗಿ ಸೇರಿಸಿದ್ದ ತನ್ನ ಖಾಕಿ ಅಂಗಿ, ಕಳೆದು ಹೋದ ಗುಂಡಿ ಹೊಲಿಸಿಕೊಂಡು, ಚಾಕುವಿನ ಹಾಗೆ ಇಸ್ತ್ರಿಯ ಗೀರು ಹಾಕಿಸಿಕೊಂಡು ವಾಪಸ್ ಬಂತು. ಮೂರು ಮನೆಯ ಮೂರು ಅಂಗಿಯಲ್ಲಿ ಯಾವುದು ತೊಟ್ಟರೂ ಇನ್ನಿಬ್ಬರಿಗೆ ನೋವು. ಕೆಲಸದ ಖಾಕಿ ಯಾರದೂ ಅಲ್ಲ.

ಹದಿನಾಲ್ಕು ಬಂತು. ಬೆಳಗಿನ ಜಾವಕ್ಕೇ ಎದ್ದು, ಬೂದಿ ಗುಂಡಿಯ ಮೇಲಿನ ಪದರ ಸರಿಸಿ, ಕೆಳಗಿನ ಕೆಂಪು ಬೂದಿಯಲ್ಲಿ ಇಪ್ಪತ್ತು ಆಲೂಗಡ್ಡೆ ಹೂತಿಟ್ಟ. ಸ್ನಾನ ಮಾಡಿದ. ಮುಖವನ್ನು ಮೂರು ಸಲ ಸೋಪು ಹಾಕಿ ಉಜ್ಜಿದ. ಖಾಕಿ ತೊಟ್ಟು ಕೋಣೆಯ ಬಾಗಿಲಲ್ಲಿ ಕೂತ.

ಎಂಟಾಯಿತು, ಒಂಬತ್ತಾಯಿತು. ಯಾರೂ ಬರಲಿಲ್ಲ. ಬಾಯ್ಲರಿನ ಸದ್ದು ಇಲ್ಲದ ಬೆಳಗು ವಿಚಿತ್ರವಾಗಿತ್ತು. ಆಸ್ಪತ್ರೆಯ ಗಡಿಯಾರ ಕೂಡ ಕೇಳಿಸುತ್ತಿತ್ತು. ನೆಂಟರಿಗಾಗಿ ಕಾಯುವುದು ಹೀಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಫಿಟ್ಟರ್ ತಾಯಿ ಮೂವತ್ತು ವರ್ಷ ಹೀಗೇ ಬಾಗಿಲಲ್ಲಿ ಕೂತಿದ್ದಳಲ್ಲ ಎಂದು ಮೊದಲ ಸಲ ಅನ್ನಿಸಿತು.

ಹತ್ತು ಗಂಟೆಗೆ ಬಾಯ್ಲರ್ ಮನೆಯಿಂದ ಜೋರು ಗಲಾಟೆ ಕೇಳಿಸಿತು. ಅವನು ಓಡಿದ. ಬಾಗಿಲಲ್ಲೇ ನಿಂತ.

ಟೀ ಬಂದಿತ್ತು. ನಾಲ್ಕು ಲೋಟಕ್ಕೂ ಹಾಕಿದ್ದರು. ನಾಲ್ಕನೆಯ ಲೋಟ ಮೇಸ್ತ್ರಿ ಕೈಯಲ್ಲಿತ್ತು. ಅದರ ಹಿಡಿ ಅಕ್ಕನ ಕೈಯಲ್ಲಿತ್ತು.

"ಬಿಡಮ್ಮ! ಅವನ ಯಜಮಾನ ನಾನು. ಅವನ ಪಾಲು ನಾನು ಕುಡೀಬೇಕು."

"ಯಜಮಾನ ಅಂತೆ! ಮೂವತ್ತು ವರ್ಷ ನಿಮ್ಮ ಪಾಲು ಅವನು ಕುಡಿದ. ಬಾಯಿ ಸುಟ್ಕೊಂಡು ಕುಡಿದ. ಅಕ್ಕ ಅಂತ ಕರೆಸ್ಕೊಂಡೋಳು ನಾನು, ನಂದು ಹಕ್ಕು."

"ಇಬ್ಬರೂ ಜಗಳ ಆಡ್ತಾ ಇರಿ" ಎಂದ ಫಿಟ್ಟರ್. "ಚೆಲ್ಲಿದ್ರೆ ನೆಲ ಕುಡಿಯುತ್ತೆ. ಕೊಡಿ ಇಲ್ಲಿ, ನಾನು ಚಿಕ್ಕವನು."

"ನೀನು ಬಾಯಿ ಮುಚ್ಚೋ! ಎಲ್ಲ ಹಾಳಾಗಿದ್ದೇ ನಿನ್ನ ಬಾಯಿಂದ!" ಎಂದು ಮೇಸ್ತ್ರಿ, ಅಕ್ಕ ಒಟ್ಟಿಗೇ ಅಂದರು. ಹೀಗೆ ಒಟ್ಟಿಗೆ ಅಂದದ್ದಕ್ಕೆ ಇಬ್ಬರಿಗೂ ನಾಚಿಕೆಯಾಯಿತು.

ಬದಲಿಯಣ್ಣ ಕೆಮ್ಮಿದ.

ಮೂವರೂ ತಿರುಗಿದರು. ಮೇಸ್ತ್ರಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನೀನ್ಯಾಕೆ ಇಲ್ಲಿಗೆ ಬಂದೆ? ರಜಾ ತಾನೆ ನಿಂಗೆ? ಮನೇಲಿ ಕೂರಬೇಕು ಅನ್ನೋ ಗ್ಯಾನ ಇಲ್ವಾ?"

"ಕೂತಿದ್ದೆ. ಯಾರೂ ಬರಲಿಲ್ಲ."

"ಬರ್ತೀವಿ ಕಣೋ" ಎಂದಳು ಅಕ್ಕ. "ಪಾಳಿ ಮುಗಿದ ಮೇಲೆ ತಾನೆ ಬರೋದು? ನೀನು ನಮ್ಮನೆಗೆ ಯಾವತ್ತು ಬೆಳಿಗ್ಗೆ ಬಂದಿದ್ದೆ?"

ಬದಲಿಯಣ್ಣ ಬೂದಿ ಗುಂಡಿಯ ಕಡೆ ಕೈ ತೋರಿಸಿದ. "ಅಷ್ಟು ಹೊತ್ತಿಗೆ ಆಲೂಗಡ್ಡೆ ಇದ್ದಿಲಾಗುತ್ತೆ ಅಕ್ಕಾ" ಎಂದ.

ನಾಲ್ಕನೆಯ ಲೋಟವನ್ನು ಮೂವರೂ ಒಂದೊಂದು ಗುಟುಕು ಕುಡಿದರು. "ಬದಲಿಯಣ್ಣನ ಪಾಲಿಂದು" ಎಂದು ಮೂರು ಸಲ ಹೇಳಿದರು. ಆಮೇಲೆ ಬೂದಿ ಗುಂಡಿಯ ಸುತ್ತ ಕೂತರು. ಬದಲಿಯಣ್ಣ ಕೋಲಿನಿಂದ ಒಂದೊಂದೇ ಎಳೆದ, ಊದಿ ಊದಿ ಕೈಗೆ ಕೊಟ್ಟ.

"ನಮ್ಮ ದೇವರು ಇದನ್ನ ಬೇಡ ಅಂದಿಲ್ಲ" ಎಂದ ಮೇಸ್ತ್ರಿ, ಬಾಯಿ ಸುಡುತ್ತಾ.

"ನಮ್ಮೋನೂ ಅಂದಿಲ್ಲ" ಎಂದ ಫಿಟ್ಟರ್. "ಆದ್ರೆ ಉಪ್ಪು ಹಾಕು ಅಂದಿದ್ದ. ಉಪ್ಪೆಲ್ಲಿ?"

ಉಪ್ಪು ಮರೆತುಹೋಗಿತ್ತು. ಮೂವರೂ ಸೇರಿ ಅವನನ್ನು ಬೈಯಲು ಶುರು ಮಾಡಿದರು. ಊರಿನ ಹಬ್ಬವೆಲ್ಲಾ ತಿಂದವನಿಗೆ ಉಪ್ಪು ನೆನಪಿಲ್ಲವಂತೆ, ಇವನಿಗೆ ಯಾರು ಹಬ್ಬ ಕೊಟ್ಟರಂತೆ. ಅಷ್ಟರಲ್ಲಿ ಮೇಡಂ ಹಾಜರಿ ನೋಡಲು ಬಂದರು. ನಾಲ್ವರೂ ಎದ್ದು ನಿಂತರು. ಎಲ್ಲರ ಬಾಯಿ ಸುತ್ತ ಮಸಿ.

"ಇವತ್ತು ಇಲ್ಲಿ ಮೂರು ಜನ ಅಲ್ವಾ ಇರಬೇಕಾಗಿದ್ದು?"

"ಮೂರೇ ಜನ ಮೇಡಂ" ಎಂದ ಫಿಟ್ಟರ್. "ಅಣ್ಣ ರಜಾದಲ್ಲಿದ್ದಾನೆ. ಇಲ್ಲಿಲ್ಲ."

"ಮತ್ತೆ ಇವರು?"

"ಅಣ್ಣನ ನೆಂಟ."

ಮೇಡಂಗೆ ನಗು ತಡೆಯಲಾಗಲಿಲ್ಲ. ಒಂದು ಆಲೂಗಡ್ಡೆ ತೆಗೆದುಕೊಂಡರು. ಕಚ್ಚಿದರು. ಸೀದಾ ಹೊರಟುಹೋದರು. ಮೇಸ್ತ್ರಿ ಬಾಯಿಯ ಮಸಿ ಒರೆಸಿಕೊಂಡ. ಐದು ನಿಮಿಷದಲ್ಲಿ ವಾಪಸ್ ಬಂದರು. ಕೈಯಲ್ಲಿ ಅಡುಗೆಮನೆಯಿಂದ ತಂದ ಉಪ್ಪಿನ ಪೊಟ್ಟಣ.

ಎರಡನೆಯ ಆಲೂಗಡ್ಡೆ ಸುಲಿಯುತ್ತಾ ಅವರು, "ಬದಲಿ ಹೋಗೋದಾದ್ರೆ ಒಂದು ಚೀಟಿ ಬರೆದು ಇಬ್ಬರೂ ಸಹಿ ಹಾಕಿ ಮೊದಲೇ ಕೊಡಿ. ಬೆಂಕಿ ಮುಂದೆ ಯಾರಿದ್ದಾರೆ ಅಂತ ನಂಗೆ ಗೊತ್ತಿರಬೇಕು, ಅಷ್ಟೇ" ಎಂದರು.

ಆ ಭಾನುವಾರ ಅಕ್ಕ ಮುರಿದ ಹಬ್ಬವನ್ನು ಮತ್ತೆ ಮಾಡಿದಳು. ಬದಲಿಯಣ್ಣ ನೀಲಿ ಅಂಗಿ ತೊಟ್ಟು ಹೋಗಿ ಅಕ್ಕಪಕ್ಕದವರು ಕಿಟಕಿ ಮುಚ್ಚುವಷ್ಟು ಹಾಡಿದ. ಈಗ ಮೊದಲಿನ ಹಾಗೇ ಹನ್ನೊಂದು ಹಬ್ಬ, ಚೀಟಿಯ ಜೊತೆ. ಹನ್ನೆರಡನೆಯದು ಬೂದಿಯ ಹಬ್ಬ. ಮುಂದಿನ ವರ್ಷ ಅದಕ್ಕೆ ಅಡುಗೆಮನೆಯವರು ಬಂದರು, ಗೇಟಿನವನು ಬಂದ, ಫಿಟ್ಟರ್ ತಾಯಿ ಆಟೋದಲ್ಲಿ ಬಂದಳು. ಉಜ್ಜಿ ತೊಳೆದ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಅಯ್ಯೋ, ಗಲ್ಲದ ಮೇಲೆ ಮಚ್ಚೆ ಇದೆಯೇನೋ ನಿಂಗೆ! ಇಷ್ಟು ವರ್ಷ ಮಸಿ ಅಂದ್ಕೊಂಡಿದ್ದೆ."

ನೀವೂ ಒಮ್ಮೆ ಹೋಗಿ ಅವನನ್ನು ನೋಡಿ. ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಬದಲಿಯಣ್ಣ ಎಂದರೆ ಸಾಕು, ನಿಜವಾದ ಹೆಸರು ಹೇಳಿದರೆ ಅಂಥವರು ಯಾರೂ ಇಲ್ಲ ಎಂದು ಅವನೇ ಕಳಿಸಿಬಿಡುತ್ತಾನೆ. ಬೇರೆಯವರ ಹಬ್ಬದ ದಿನ ಹೋದರೆ ಹತ್ತು ಗಂಟೆಗೆ ಹೋಗಿ, ಯಾರದೋ ಪಾಲಿನ ಟೀ ಸಿಗುತ್ತದೆ. ಹೊಗೆ ಕೊಳವೆಯಲ್ಲಿ ಹೊಗೆ ಇಲ್ಲದ ದಿನ ಹೋದರೆ ಅವತ್ತು ಅವನ ಹಬ್ಬ. ದಯವಿಟ್ಟು ಉಪ್ಪು ತೆಗೆದುಕೊಂಡು ಹೋಗಿ. ಈ ವರ್ಷವೂ ಮರೆತಿರುತ್ತಾನೆ.